ನಲವತ್ತೇಳನೇ ಹೋರಿಯ ಕೊನೆಯ ಎರಡು ಕಡ್ಡಿ

ಮದುವೆಯಾಗಿ ಮಾಲೂರಿಗೆ ಬಂದ ಹೊಸದರಲ್ಲಿ, ಏನು ಕೆಲಸ ಮಾಡುತ್ತೀಯಮ್ಮ ಎಂದು ಯಾರಾದರೂ ಕೇಳಿದರೆ, ಹಾಲು ಟೆಸ್ಟ್ ಮಾಡುತ್ತೇನೆ ಎಂದು ಹೇಳಿಬಿಡುತ್ತಿದ್ದೆ. ಅದು ಅರ್ಧ ಸುಳ್ಳು. ಹಸುವಿಗೂ ನನಗೂ ಸಂಬಂಧ ಇದ್ದದ್ದು ನಿಜ, ಹಾಲಿಗೂ ನನಗೂ ಏನೂ ಇರಲಿಲ್ಲ. ನಿಜ ಹೇಳಿದ್ದರೆ ನಮ್ಮತ್ತೆಯ ನೆಂಟರೆಲ್ಲ ಕಾಫಿ ಲೋಟ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೋರಿಯ ವೀರ್ಯದಲ್ಲಿ ಗಟ್ಟಿಮುಟ್ಟಾದ ವೀರ್ಯಾಣುಗಳನ್ನು ಮಾತ್ರ ಆರಿಸಿ, ಗಾಜಿನ ತಟ್ಟೆಯಲ್ಲಿ ಹಸುವಿನ ಅಂಡಾಣುಗಳ ಜೊತೆ ಬಿಡುವುದು ನನ್ನ ಕೆಲಸ. ಅಲ್ಲಿ ಭ್ರೂಣವಾಗಬೇಕು, ಏಳು ದಿನ ಬೆಳೆಯಬೇಕು, ಆಮೇಲೆ ಅದನ್ನು ಇನ್ನೊಂದು ಹಸುವಿನ ಗರ್ಭಕ್ಕೆ ಇಡಬೇಕು. ಹೊಸದಾಗಿ ಸೊಸೆಯಾಗಿ ಬಂದವಳು ಇದನ್ನೆಲ್ಲ ನಡುಮನೆಯಲ್ಲಿ ನಿಂತು ವಿವರಿಸುವುದು ಹೇಗೆ?

ನಮ್ಮ ಲ್ಯಾಬ್ ಇದ್ದದ್ದು ಮಾಲೂರಿನಿಂದ ಮಾಸ್ತಿಗೆ ಹೋಗುವ ರಸ್ತೆಯಲ್ಲಿ, ಒಂದು ಖಾಸಗಿ ಡೇರಿ ಫಾರಮ್ಮಿನ ಹಿಂಭಾಗದಲ್ಲಿ. ಎರಡೇ ಕೋಣೆ. ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಇಡೀ ಲ್ಯಾಬಿಗೆ ಒಬ್ಬರೇ ದೊಡ್ಡವರು, ಪಶುವೈದ್ಯೆಯಾದ ನಮ್ಮ ಮೇಡಂ. ಬಿಎಸ್ಸಿ ಮುಗಿಸಿದ್ದ ನನಗೆ ಮೈಕ್ರೋಸ್ಕೋಪ್ ಹಿಡಿಯುವುದನ್ನು ಕಲಿಸಿದವರು ಅವರೇ. ಅವರದು ಒಂದೇ ಮಾತು: "ನೋಡಿದ್ದನ್ನ ಬರಿ. ಅನ್ನಿಸಿದ್ದನ್ನ ಬರೀಬೇಡ." ನನಗೆ ಅನ್ನಿಸುವುದೇ ಜಾಸ್ತಿ, ಹಾಗಾಗಿ ಮೊದಲ ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು.

ವಾರಕ್ಕೆ ಎರಡು ದಿನ ಬೆಂಗಳೂರಿನ ಕಸಾಯಿಖಾನೆಯಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ ಅಂಡಾಶಯಗಳು ಬರುತ್ತಿದ್ದವು. ಬೆಚ್ಚಗಿನ ಉಪ್ಪುನೀರಿನಲ್ಲಿ ಮುಳುಗಿದ, ದೊಡ್ಡ ನೆಲ್ಲಿಕಾಯಿ ಗಾತ್ರದವು. ಸಿರಿಂಜಿನಲ್ಲಿ ಅವುಗಳ ಗುಳ್ಳೆಗಳಿಂದ ಅಂಡಾಣು ಎಳೆಯಬೇಕು. ಅವುಗಳಲ್ಲಿ ಕೆಲವುಗಳ ಮೇಲೆ ಹಳದಿ ಉಬ್ಬು ಇರುತ್ತಿತ್ತು. ಆ ಉಬ್ಬು ಇದ್ದರೆ ಹಸು ಕ್ರಮವಾಗಿ ಬೆದೆಗೆ ಬರುತ್ತಿತ್ತು, ಅಂಡಾಣು ಬಿಡುತ್ತಿತ್ತು ಎಂದೇ ಅರ್ಥ. ಮೊದಲ ಸಲ ನೋಡಿದಾಗ ನಾನು ಮೇಡಂ ಅವರನ್ನು ಕೇಳಿದ್ದೆ, ಇಷ್ಟು ಚೆನ್ನಾಗಿರೋ ಹಸುವನ್ನ ಯಾಕೆ ಮಾರಿದ್ರು ಅಂತ. "ಗೊಡ್ಡು ಅಂತ ಮಾರಿರ್ತಾರೆ," ಎಂದರು ಅವರು, ಸಿರಿಂಜಿನಿಂದ ಕಣ್ಣು ತೆಗೆಯದೆ. ಗೊಡ್ಡು ಅಂದವರು ಯಾರು, ಯಾವುದನ್ನು ನೋಡಿ ಅಂದರು ಎಂದು ಅವತ್ತು ಮನೆಗೆ ಹೋಗುವ ದಾರಿಯಲ್ಲೆಲ್ಲ ಯೋಚಿಸಿದೆ.

ವೀರ್ಯಾಣು ಆರಿಸುವುದಕ್ಕೆ ನಮ್ಮಲ್ಲಿ ಎರಡು ದಾರಿ ಇದ್ದವು. ಒಂದು, ಈಜಿಸುವುದು. ಕರಗಿಸಿದ ವೀರ್ಯವನ್ನು ಟ್ಯೂಬಿನ ತಳಕ್ಕೆ ನಿಧಾನವಾಗಿ ಬಿಟ್ಟು, ಮೇಲೆ ಪೋಷಕ ದ್ರವ ಇರುವಂತೆ ನೋಡಿಕೊಂಡು, ಟ್ಯೂಬನ್ನು ಓರೆಯಾಗಿ ಇನ್‌ಕ್ಯುಬೇಟರಿನಲ್ಲಿ ಒಂದು ಗಂಟೆ ಇಡುವುದು. ಶಕ್ತಿ ಇರುವವು ಮೇಲಕ್ಕೆ ಈಜಿಕೊಂಡು ಬರುತ್ತವೆ, ಸತ್ತವು ಕೆಳಗೇ ಉಳಿಯುತ್ತವೆ. ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಇನ್ನೊಂದು, ಸೋಸುವುದು. ಪರ್ಕಾಲ್ ಎಂಬ ಮಂದವಾದ ದ್ರವವನ್ನು ತೆಳುವಾಗಿ ಒಂದು ಪದರ, ದಪ್ಪವಾಗಿ ಒಂದು ಪದರ ಮಾಡಿ, ಮೇಲೆ ವೀರ್ಯ ಬಿಟ್ಟು, ಯಂತ್ರದಲ್ಲಿ ಗಿರ್ರನೆ ತಿರುಗಿಸುವುದು. ಇಲ್ಲಿ ಒಳ್ಳೆಯವು ಎರಡೂ ಪದರ ದಾಟಿ ತಳಕ್ಕೆ ಇಳಿಯುತ್ತವೆ, ಸತ್ತವೂ ಕೊಳೆಯೂ ಮೇಲೆ ಸಿಕ್ಕಿಕೊಳ್ಳುತ್ತವೆ. ಒಂದು ವಿಧಾನದಲ್ಲಿ ಒಳ್ಳೆಯದು ಮೇಲೆ, ಇನ್ನೊಂದರಲ್ಲಿ ಕೆಳಗೆ. ಇದು ನನ್ನ ತಲೆ ತಿಂದುಬಿಟ್ಟಿತ್ತು. ಮೇಲೆ ಬಂದವನ ಭ್ರೂಣ ಗಟ್ಟಿಯೋ, ಕೆಳಗಿಳಿದವನದು ಗಟ್ಟಿಯೋ? ಚೆನ್ನಾಗಿ ಈಜುವವನೇ ಒಳ್ಳೆಯ ಕರು ಕೊಡುತ್ತಾನೆಂದು ಯಾರು ಹೇಳಿದರು?

ಇದನ್ನು ನಮ್ಮಮ್ಮನಿಗೆ ಒಂದು ಸಲ ವಿವರಿಸಿದೆ. ಅಮ್ಮ ಒಲೆ ಮುಂದಿನಿಂದ ಏಳದೆ, "ಮೊರದಲ್ಲಿ ಕೇರಿದ್ರೆ ಜೊಳ್ಳು ಹಾರೋಗುತ್ತೆ, ನೀರಲ್ಲಿ ಗಾಲಿಸಿದ್ರೆ ಕಲ್ಲು ತಳದಲ್ಲಿ ಉಳಿಯುತ್ತೆ. ಎರಡೂ ಮಾಡಿದ್ರೇನೇ ಅಕ್ಕಿ. ಇದಕ್ಕೆ ಬಿಎಸ್ಸಿ ಬೇಕಾಯ್ತಾ ನಿಂಗೆ?" ಎಂದಳು. ಮಾರನೇ ದಿನ ಮೇಡಂಗೆ ಹೇಳಿದೆ. ಅವರು ನಕ್ಕು, "ನಿಮ್ಮಮ್ಮನ್ನೇ ಕೆಲಸಕ್ಕೆ ತಗೋಬೇಕಿತ್ತು," ಎಂದರು.

ಈ ಕೆಲಸಕ್ಕೆ ನಾನು ಬಂದದ್ದು ನಮ್ಮಪ್ಪನಿಂದ. ನಮ್ಮದು ಮುಳಬಾಗಿಲು ತಾಲ್ಲೂಕು, ಬೈರಕೂರಿನ ಹತ್ತಿರದ ಹಳ್ಳಿ. ಅಪ್ಪ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಊರಲ್ಲಿ ಅದಕ್ಕೆ ಇಂಜೆಕ್ಷನ್ ಹಾಕುವುದು ಎನ್ನುತ್ತಾರೆ. ಅಪ್ಪ ತರಬೇತಿ ಪಡೆದವರೇ ಹೊರತು ಡಾಕ್ಟರಲ್ಲ, ಆದರೂ ಸುತ್ತಲ ಹಳ್ಳಿಗಳಿಗೆಲ್ಲ ಡಾಕ್ಟ್ರೇ. ಮೊಪೆಡ್ಡಿನ ಹಿಂದೆ ನೈಟ್ರೋಜನ್ ಕ್ಯಾನ್ ಕಟ್ಟಿಕೊಂಡು ಹೊರಟರೆ ಎರಡು ಮೂರು ಹಳ್ಳಿ ಸುತ್ತಿ ಊಟದ ಹೊತ್ತಿಗೆ ಬರುತ್ತಿದ್ದರು. ಮೈ ಕೊರೆಯುವ ಆ ತಣ್ಣನೆಯ ದ್ರವದಲ್ಲಿ ಆರು ಉದ್ದ ಹಿಡಿಯ ಡಬ್ಬಿಗಳು ಮುಳುಗಿರುತ್ತಿದ್ದವು. ಒಂದೊಂದು ಡಬ್ಬಿಯಲ್ಲಿ ಒಂದೊಂದು ಹೋರಿಯ ವೀರ್ಯ, ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಕಡ್ಡಿಯ ಮೇಲೆ ಹೋರಿಯ ನಂಬರು.

ಅಪ್ಪನಿಗಿಂತ ಮುಂಚೆ ಆ ಕೆಲಸ ಮಾಡುತ್ತಿದ್ದವನ ಮೇಲೆ ಜನಕ್ಕೆ ಅನುಮಾನ ಬಂದಿತ್ತಂತೆ. ಹೇಳುವುದು ಒಂದು ಹೋರಿ, ಹಾಕುವುದು ಇನ್ನೊಂದು ಎಂದು. ಅದಕ್ಕೇ ಅಪ್ಪ ಕೆಲಸಕ್ಕೆ ಸೇರಿದ ದಿನವೇ ಹಾಲಿನ ಡೇರಿ ಮುಂದೆ ನಿಂತು, "ನಾನು ತೋರಿಸಿ ಹಾಕ್ತೀನಿ. ನಂಬರ್ ನೀವೇ ಓದ್ಕೊಳ್ಳಿ," ಎಂದು ಹೇಳಿದ್ದರು. ಹೇಳಿದ ಹಾಗೇ ನಡೆದುಕೊಂಡರು. ಯಾರ ಮನೆಗೆ ಹೋದರೂ ಮೊದಲು ಡಬ್ಬಿಯನ್ನು ಮೇಲೆತ್ತುವುದು, ಬೆಳಕಿಗೆ ಓರೆ ಮಾಡುವುದು, ಚಿಮಟಿಗೆಯಲ್ಲಿ ಕಡ್ಡಿ ತಿರುಗಿಸಿ ನಂಬರ್ ಕಾಣುವಂತೆ ಹಿಡಿಯುವುದು. ಬಿಳಿ ಹೊಗೆ ಇಳಿಯುತ್ತಿರುತ್ತಿತ್ತು. ಮನೆಯವರು ಒಬ್ಬೊಬ್ಬರೇ ಬಂದು ಬಗ್ಗಿ ನೋಡುತ್ತಿದ್ದರು. ಓದು ಬಾರದವರೂ ನೋಡುತ್ತಿದ್ದರು, ನೋಡಿ ತಲೆಯಾಡಿಸುತ್ತಿದ್ದರು. ಎಲ್ಲರೂ ನೋಡಿಯಾದ ಮೇಲೆ ಬೇಕಾದ ಒಂದನ್ನು ತೆಗೆದುಕೊಂಡು ಉಳಿದದ್ದನ್ನು ಒಳಗಿಳಿಸುವುದು. ನಮ್ಮ ಕಡೆ ಇದು ಇಂಜೆಕ್ಷನ್ನಿನ ಶಾಸ್ತ್ರವೇ ಆಗಿಹೋಯಿತು. ಹಸುವಿನ ಹಣೆಗೆ ಅರಿಶಿನ ಕುಂಕುಮ ಇಟ್ಟು, ನಂಬರ್ ನೋಡಿ, ಆಮೇಲೆ ಕೆಲಸ. ಅಪ್ಪನ ಕೈಗುಣ ಒಳ್ಳೆಯದೆಂದು ಹೆಸರಾಯಿತು.

ಎಂಬತ್ತರ ದಶಕದ ನಡುವಿನಲ್ಲಿ ನಲವತ್ತೇಳು ಬಂತು. ಅದರ ಕರುಗಳು ಎಂಥ ಹಸುಗಳಾದವೆಂದರೆ ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಯವರೆಗೂ ಆ ನಂಬರ್ ಜನರ ಬಾಯಲ್ಲಿ ಓಡಾಡಿತು. ಮೆತ್ತನೆ ಸ್ವಭಾವ, ಗಟ್ಟಿ ಗೊರಸು, ಕೆಚ್ಚಲು ತುಂಬ ಹಾಲು. ತೆಲುಗು ಮಾತಾಡುವ ಮನೆಗಳಲ್ಲಿ ನಲಭೈ ಏಡು ಎಂದರೆ ಮನೆಯ ಅಳಿಯನ ಹೆಸರು ಹೇಳಿದಷ್ಟು ಗೌರವ. ಒಂದು ದಿನ ಆ ಹೋರಿ ಸತ್ತುಹೋಯಿತೆಂದು ಸುದ್ದಿ ಬಂತು, ಹೊಸ ಕಡ್ಡಿಗಳು ಬರುವುದು ನಿಂತಿತು. ಅಪ್ಪನ ಬಳಿ ಹದಿನೈದೋ ಇಪ್ಪತ್ತೋ ಉಳಿದಿದ್ದವು. ಆ ಡಬ್ಬಿಯ ಹಿಡಿಗೆ ಕೆಂಪು ದಾರ ಕಟ್ಟಿ, ಬೇಕಾದವರಿಗೆ ಮಾತ್ರ, ಕಷ್ಟದಲ್ಲಿದ್ದವರಿಗೆ ಮಾತ್ರ ಎಂದು ಎತ್ತಿಟ್ಟರು. ಆದರೆ ಹೋದಲ್ಲೆಲ್ಲ ಜನ ಕೇಳುವುದು ಅದನ್ನೇ. ಅಪ್ಪ ಕೆಂಪು ದಾರದ ಡಬ್ಬಿ ಎತ್ತಿ ತೋರಿಸಿ, "ನೋಡಿ, ಇಷ್ಟೇ ಇರೋದು. ನಿಮ್ಮ ಹಸು ಇದರ ಮಗಳೇ ಆಯ್ತಲ್ಲ, ಹಾಕೋಕಾಗಲ್ಲ," ಎಂದು ಸಮಾಧಾನ ಹೇಳಿ ಬೇರೆ ಹೋರಿಯದು ಹಾಕುತ್ತಿದ್ದರು. ಹೀಗೆ ವರ್ಷಗಟ್ಟಲೆ.

ನಮ್ಮ ಎದುರುಮನೆಯ ದೊಡ್ಡಮ್ಮ ಈ ನಲವತ್ತೇಳರ ಪರಮಭಕ್ತೆ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಆದರೆ ಅಪ್ಪ ಅವರನ್ನು ಅಕ್ಕಯ್ಯ ಅನ್ನುತ್ತಿದ್ದರು, ಅವರು ಅಪ್ಪನನ್ನು ತಮ್ಮುಡು ಅನ್ನುತ್ತಿದ್ದರು. ಗಂಡ ತೀರಿಹೋದ ಮೇಲೆ ನಲವತ್ತೇಳರ ಮಗಳಾದ ಒಂದೇ ಒಂದು ಹಸುವಿನ ಹಾಲಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದವರು. ಆ ಹಸು ಸತ್ತಾಗ ಮೂರು ದಿನ ಒಲೆ ಹಚ್ಚಲಿಲ್ಲ. ಆಮೇಲೆ ಶ್ರೀನಿವಾಸಪುರದ ಕಡೆಯಿಂದ ಒಂದು ಕಪ್ಪು ಬಿಳುಪಿನ ಸೀಮೆಹಸು ತಂದು ಕಟ್ಟಿದರು. ಅದಕ್ಕೆ ಬೇರೆ ಯಾವ ಹೋರಿಯದೂ ಬೇಡ, ನಲಭೈ ಏಡೇ ಬೇಕೆಂದು ಹಟ.

ನಾಲ್ಕು ಸಲ ಹಾಕಿದ್ದಾಯಿತು. ನಾಲ್ಕು ಸಲವೂ ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಹಸು ಮತ್ತೆ ಬೆದೆಗೆ ಬಂದು ಕೂಗಿತು. ಇಡೀ ಬೀದಿಗೆ ಕೇಳುವಂಥ ಕೂಗು. ಪ್ರತಿ ಸಲ ಅದು ಕೂಗಿದಾಗ ಅಪ್ಪ ತಿನ್ನುತ್ತಿದ್ದ ಮುದ್ದೆ ಬಿಟ್ಟು ಎದ್ದುಬಿಡುತ್ತಿದ್ದರೆಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ಇನ್ನೂ ಮೂರು ನಾಲ್ಕು ಮನೆಗಳಲ್ಲಿ ಇದೇ ಕತೆ. ಡೇರಿ ಮುಂದೆ ಮಾತು ಶುರುವಾಯಿತು, ಡಾಕ್ಟ್ರ ಕೈಗುಣ ಹೋಯ್ತು ಎಂದು. ನಾನು ಊರಿಗೆ ಹೋದ ಒಂದು ಭಾನುವಾರ ದೊಡ್ಡಮ್ಮ ನಮ್ಮ ಜಗುಲಿಗೆ ಬಂದು ಕೂತರು.

"ದಲ್ಲಾಳಿ ಬಂದಿದ್ದ ತಮ್ಮುಡೂ. ಗೊಡ್ಡು ಹಸು ಕಟ್ಕೊಂಡು ಎಷ್ಟು ದಿನ ಮೇವು ಹಾಕ್ತೀಯ ಅಂದ. ಇನ್ನೊಂದ್ಸಲ ನೋಡ್ತೀನಿ. ಗಬ್ಬ ನಿಲ್ಲಲಿಲ್ಲ ಅಂದ್ರೆ ಹೊಡ್ಕೊಂಡು ಹೋಗು ಅಂತ ಹೇಳ್ಬಿಟ್ಟಿದ್ದೀನಿ."

ಅಪ್ಪ ತಲೆ ಎತ್ತಲಿಲ್ಲ. "ಇನ್ನು ಎರಡೇ ಕಡ್ಡಿ ಇರೋದಕ್ಕಯ್ಯ," ಎಂದರು.

ನನ್ನ ಕಣ್ಣ ಮುಂದೆ ಥರ್ಮಾಸ್ ಫ್ಲಾಸ್ಕ್ ಬಂತು. ಆ ಹಸು ದಲ್ಲಾಳಿಯ ಕೈ ಸೇರಿದರೆ ಕೊನೆಗೆ ಅದರ ಅಂಡಾಶಯ ನನ್ನ ಮೇಜಿನ ಮೇಲೇ ಬಂದು ಕೂತರೂ ಆಶ್ಚರ್ಯವಿಲ್ಲ. ಅದೇ ಹೊತ್ತಿಗೆ ಇನ್ನೊಂದು ಯೋಚನೆಯೂ ಬಂತು, ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಬೇಡ ಬೇಡ ಎಂದುಕೊಂಡು ಬೇರೆ ಹೋರಿಯದು ಹಾಕಿಸಿಕೊಂಡ ಮನೆಗಳಲ್ಲೆಲ್ಲ ಹಸು ಗಬ್ಬವಾಗಿದೆ, ಅಪ್ಪ ಪ್ರೀತಿಯಿಂದ ಎತ್ತಿಟ್ಟ ನಲವತ್ತೇಳು ಹಾಕಿದ ಮನೆಗಳಲ್ಲೇ ಆಗಿಲ್ಲ. ಇದು ಯಾಕೆ? ಕೈ ಒಂದೇ, ಕ್ಯಾನ್ ಒಂದೇ. ನನಗೆ ದೊಡ್ಡಮ್ಮನ ಸಂಕಟಕ್ಕಿಂತ ಈ ಪ್ರಶ್ನೆಯ ಕಡಿತವೇ ಜೋರಾಗಿತ್ತು. ಅಪ್ಪನಿಗೆ, ಎರಡರಲ್ಲಿ ಒಂದು ಕಡ್ಡಿ ನನಗೆ ಕೊಡಿ, ಲ್ಯಾಬಿನಲ್ಲಿ ನೋಡುತ್ತೇನೆ ಎಂದೆ. ಅಪ್ಪ ಒಪ್ಪಿಕೊಂಡರು.

ಮೂರನೇ ದಿನ ಅಪ್ಪ ಕೆಂಪು ದಾರದ ಡಬ್ಬಿಯನ್ನೂ ಇನ್ನೆರಡು ಡಬ್ಬಿಗಳನ್ನೂ ಸಣ್ಣ ಕ್ಯಾನಿಗೆ ಇಳಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಳಬಾಗಿಲು, ಕೋಲಾರ, ಮಾಲೂರು ಎಂದು ಎರಡು ಬಸ್ಸು ಬದಲಾಯಿಸಿ ಬಂದರು. ಕೋಲಾರದ ಬಸ್ಸಿನಲ್ಲಿ ಮುಚ್ಚಳದ ಸಂದಿಯಿಂದ ಹೊಗೆ ಬಂದದ್ದನ್ನು ನೋಡಿ ಕಂಡಕ್ಟರ್ ಗಾಬರಿಯಾಗಿ, ಏನದು ಎಂದು ಕೇಳಿದನಂತೆ. ಹೋರಿ ಎಂದರಂತೆ ಅಪ್ಪ. "ಹಂಗಾದ್ರೆ ಅದಕ್ಕೂ ಒಂದು ಟಿಕೆಟ್ ತಗೊಳ್ಳಿ ಯಜಮಾನ್ರೇ," ಎಂದನಂತೆ ಅವನು. ಲ್ಯಾಬಿಗೆ ಬಂದ ಅಪ್ಪ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ದೇವಸ್ಥಾನಕ್ಕೆ ಬಂದವರ ಹಾಗೆ ಬಾಗಿಲಲ್ಲೇ ನಿಂತರು. ಮೇಡಂ ಕುರ್ಚಿ ಎಳೆದು ಕೂರಿಸಿದರು.

ಕೆಂಪು ದಾರದ ಡಬ್ಬಿಯನ್ನು ಕ್ಯಾನಿನ ಕತ್ತಿನವರೆಗೆ ಮಾತ್ರ ಎಳೆದು, ಚಿಮಟಿಗೆಯಲ್ಲಿ ಒಂದು ಕಡ್ಡಿ ಹಿಡಿದು, ಥಟ್ಟನೆ ಬಿಸಿನೀರಿಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಕರಗಿತು. ಒಂದು ಹನಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ಬಗ್ಗಿದೆ. ಅಷ್ಟು ವರ್ಷದಿಂದ ಹೆಸರು ಕೇಳಿದ್ದ ನಲವತ್ತೇಳು. ಎಲ್ಲ ಸುಮ್ಮನೆ ಮಲಗಿದ್ದವು. ಒಂದೆರಡು ಮಾತ್ರ ಇದ್ದಲ್ಲೇ ಬಾಲ ಅಲ್ಲಾಡಿಸುತ್ತಿದ್ದವು. ಒಂದು ಒಂಟಿಯಾಗಿ ಸುತ್ತು ಹೊಡೆಯುತ್ತಿತ್ತು.

ಉಳಿದದ್ದರಲ್ಲಿ ಅರ್ಧವನ್ನು ಈಜಲು ಬಿಟ್ಟೆ. ಆ ಒಂದು ಗಂಟೆಯಲ್ಲಿ ಅಪ್ಪನಿಗೆ ಬೇಸರವಾಗಬಾರದೆಂದು ಅವರದೇ ಕ್ಯಾನಿನಿಂದ ಯಾರೂ ಕೇಳದ ಇನ್ನೊಂದು ಹೋರಿಯ ಕಡ್ಡಿ ತೆಗೆದು ಕರಗಿಸಿ, ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಅಪ್ಪ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಬಗ್ಗಿದರು.

"ಇಷ್ಟೊಂದಾ!" ಎಂದರು ಕೊನೆಗೆ. "ಲೇ, ಸಂತೆ ಇದ್ದಂಗಿದೆ ಕಣೇ. ಇಷ್ಟು ವರ್ಷ ಹಾಕಿದ್ದೀನಿ, ಒಂದನ್ನೂ ನೋಡಿರ್ಲಿಲ್ಲ ನಾನು."

ಅವರ ಮುಖ ನೋಡಿ ನನಗೆ ತುಂಬ ಖುಷಿಯಾಯಿತು. ಎಷ್ಟೋ ಕರುಗಳಿಗೆ ಕಾರಣವಾದ ಮನುಷ್ಯ, ಆ ಕರು ಶುರುವಾಗುವ ಜಾಗವನ್ನು ಮೊದಲ ಸಲ ನೋಡುತ್ತಿದ್ದರು. ಇವುಗಳಿಗೆ ದಾರಿ ಹೇಗೆ ಗೊತ್ತು, ಕಣ್ಣಿದೆಯಾ, ಇವುಗಳಲ್ಲಿ ಹೋರಿಗರು ಯಾವುದು ಹೆಣ್ಣುಗರು ಯಾವುದು ಎಂದು ಒಂದೇ ಸಮ ಕೇಳಿದರು. ನನ್ನ ತಲೆತಿನ್ನುವ ಬುದ್ಧಿ ಎಲ್ಲಿಂದ ಬಂತೆಂದು ಅವತ್ತು ಮೇಡಂಗೆ ಗೊತ್ತಾಯಿತು.

ಗಂಟೆಯಾಯಿತು. ನಲವತ್ತೇಳರ ಟ್ಯೂಬಿನ ಮೇಲಿನ ತಿಳಿ ತೆಗೆದು ನೋಡಿದೆ. ಏನೂ ಇಲ್ಲ. ಒಂದೂ ಮೇಲೆ ಬಂದಿರಲಿಲ್ಲ. ಉಳಿದರ್ಧವನ್ನು ಪರ್ಕಾಲಿನಲ್ಲಿ ಸೋಸಿದೆ. ತಳದಲ್ಲಿ ಬೆರಳೆಣಿಕೆಯಷ್ಟು ಸಿಕ್ಕವು. ಅವನ್ನು ಅವತ್ತಿಗೆ ಸಿದ್ಧವಾಗಿದ್ದ ಅಂಡಾಣುಗಳ ಜೊತೆ ಬಿಟ್ಟೆ. ಅಪ್ಪನಿಗೆ ಹೇಳಲೇಬೇಕಾಗಿತ್ತು.

"ಅಪ್ಪ, ಇದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಸತ್ತಿದೆ."

"ಹಳೇದಾಯ್ತು ಅಂತಾನಾ?"

"ನೈಟ್ರೋಜನ್‌ನಲ್ಲಿ ಇದ್ದಿದ್ದು ಹಳೇದಾಗಲ್ಲ. ಅದೇ ಕ್ಯಾನ್‌ನಲ್ಲಿ ಇದ್ದಿದ್ದು ಇನ್ನೊಂದು ಹೆಂಗೆ ಓಡಾಡ್ತಿತ್ತು ನೋಡಿದ್ರಲ್ಲ."

ಅಪ್ಪನಿಗೆ ನಂಬಿಕೆ ಬರಲಿಲ್ಲ. ನಾನೇ ಬೇರೆ ಕಡ್ಡಿ ತೆಗೆದಿರಬೇಕು ಎಂದುಕೊಂಡರು. ಎದ್ದು ಕ್ಯಾನಿನ ಮುಚ್ಚಳ ತೆಗೆದು, ಕೆಂಪು ದಾರದ ಡಬ್ಬಿಯನ್ನು ಪೂರ್ತಿ ಮೇಲೆತ್ತಿ, ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದರು. "ಬಾ, ನೀನೇ ಓದು. ನಲವತ್ತೇಳೇ ತಾನೇ? ಮೇಡಂ, ನೀವೂ ನೋಡಿ." ಬಿಳಿ ಹೊಗೆ ನೆಲದವರೆಗೆ ಇಳಿಯುತ್ತಿತ್ತು. ಅಪ್ಪ ಶಾಂತವಾಗಿ, ಎಲ್ಲರೂ ನೋಡಲಿ ಎಂದು ಕಡ್ಡಿಯನ್ನು ತಿರುಗಿಸುತ್ತಾ ನಿಂತಿದ್ದರು.

ಮೇಡಂ ಎದ್ದು ಬಂದು ಅಪ್ಪನ ಕೈ ಹಿಡಿದು ಡಬ್ಬಿಯನ್ನು ಒಳಗಿಳಿಸಿದರು. "ಯಜಮಾನ್ರೇ, ದಿನಾ ಹೀಗೇ ಹಿಡೀತೀರಾ?"

"ಹೂಂ ಮೇಡಂ. ತೋರಿಸ್ದೆ ಹಾಕಲ್ಲ ನಾನು."

"ಎಷ್ಟು ಹೊತ್ತು?"

"ಅವ್ರೆಲ್ಲ ಓದೋವರೆಗೂ."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಡಬ್ಬಿಯನ್ನು ಕತ್ತಿನಿಂದ ಮೇಲೆ ತೆಗೆಯಬಾರದು, ಕತ್ತಿನ ಬಳಿಯೂ ಹತ್ತು ಸೆಕೆಂಡು ಮೀರಬಾರದು, ಮೀರಿದರೆ ಒಳಗಿನ ಕಡ್ಡಿಗಳು ಚೂರುಚೂರೇ ಬೆಚ್ಚಗಾಗಿ ಮತ್ತೆ ಹೆಪ್ಪುಗಟ್ಟಿ ವೀರ್ಯಾಣುಗಳು ಸಾಯುತ್ತವೆ ಎಂಬುದು ಲ್ಯಾಬಿಗೆ ಸೇರಿದ ಮೊದಲ ವಾರ ಕಲಿತ ಪಾಠ. ಅಪ್ಪನ ತರಬೇತಿಯಲ್ಲೂ ಹೇಳಿರುತ್ತಾರೆ. ಅದನ್ನು ಕಲಿತ ಮೇಲೂ ನಾನು ಎಷ್ಟು ಸಲ ಊರಿಗೆ ಹೋಗಿದ್ದೆ, ಎಷ್ಟು ಸಲ ಅಪ್ಪ ಡಬ್ಬಿ ಎತ್ತುವುದನ್ನು ನೋಡಿದ್ದೆ. ಒಂದು ದಿನವೂ ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ. ಅಪ್ಪ ತೋರಿಸುವುದು ನನ್ನ ಪಾಲಿಗೆ ಅಪ್ಪನ ಒಳ್ಳೆಯತನ. ಒಳ್ಳೆಯತನವನ್ನು ಯಾರಾದರೂ ಗಡಿಯಾರ ಹಿಡಿದು ನೋಡುತ್ತಾರೆಯೇ? ಅವತ್ತು ನನ್ನ ಮೇಲೆ ನನಗೇ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಉಳಿದ ಹೋರಿಗಳ ಡಬ್ಬಿಯನ್ನು ಯಾರೂ ಅಷ್ಟಾಗಿ ನೋಡಬಯಸಿರಲಿಲ್ಲ, ಅವುಗಳ ಕಡ್ಡಿ ಬೇಗ ಖರ್ಚಾಗಿ ಹೊಸವೂ ಬರುತ್ತಿದ್ದವು, ಅದಕ್ಕೇ ಅವು ಬದುಕಿದ್ದವು. ನಲವತ್ತೇಳನ್ನು ಎಲ್ಲರೂ ನೋಡಬಯಸಿದ್ದರು. ಅದನ್ನು ಅಪ್ಪನಿಗೆ ವಿವರಿಸಿ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಒಂದೇ ಒಂದು ಮಾತು ಕೇಳಿದರು: "ಅಕ್ಕಯ್ಯಂಗೆ ಹಾಕಿದ ನಾಕೂ?"

"ನಾಕೂ ಹಿಂಗೇ ಇದ್ದಿರಬೇಕಪ್ಪ."

ಟೀ ಬಂದಿತ್ತು. ಅಪ್ಪ ಕುಡಿಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ, ಕ್ಯಾನ್ ತೊಡೆಯ ಮೇಲಿಟ್ಟುಕೊಂಡು ಆಚೆ ಬದಿಯ ಕಿಟಕಿಯ ಕಡೆ ಮುಖ ಮಾಡಿ ಕೂತವರು ಬಸ್ ಹೊರಡುವವರೆಗೂ ನನ್ನ ಕಡೆ ತಿರುಗಲಿಲ್ಲ.

ಸೋಸಿ ಉಳಿದ ಆ ಬೆರಳೆಣಿಕೆಯವುಗಳಿಂದ ಎರಡು ಅಂಡಾಣು ಫಲಿಸಿದವು. ಎರಡು ಕೋಶವಾದವು, ನಾಲ್ಕಾದವು. ನಾನು ಊಟ ಬಿಟ್ಟು ಇನ್‌ಕ್ಯುಬೇಟರಿನ ಮುಂದೆ ಕೂತೆ. ಎಂಟು ಕೋಶವಾದ ಮೇಲೆ ಎರಡೂ ನಿಂತುಹೋದವು. ಮರುದಿನ ನೋಡಿದರೂ ಎಂಟೇ, ಅದರ ಮರುದಿನವೂ ಎಂಟೇ. ನೋಟ್‌ಬುಕ್ಕಿನಲ್ಲಿ ನೋಡಿದ್ದನ್ನಷ್ಟೇ ಬರೆದೆ. ಬರೆದು ಬಾತ್‌ರೂಮಿಗೆ ಹೋಗಿ ಅತ್ತೆ.

ಅಪ್ಪ ಊರಲ್ಲಿ ಏನು ಮಾಡಿದರೆಂಬುದು ಆಮೇಲೆ ಅಮ್ಮನಿಂದ ತಿಳಿಯಿತು. ಹೋದ ಮಾರನೇ ದಿನವೇ, ನಲವತ್ತೇಳು ಹಾಕಿ ನಿಲ್ಲದಿದ್ದ ಮನೆಗಳಿಗೆಲ್ಲ ಹೋಗಿ, ನಿಮ್ಮ ಹಸುವಿನ ತಪ್ಪಲ್ಲ, ನಾನು ಎತ್ತಿ ಎತ್ತಿ ತೋರಿಸಿದ್ದರಿಂದ ಕೆಟ್ಟಿದೆ, ಇನ್ನು ಮೇಲೆ ತೋರಿಸುವುದಿಲ್ಲ ಎಂದು ಹೇಳಿ ಬಂದರಂತೆ. ಜನ ಮೆಚ್ಚಿಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದೆ. ಆದದ್ದು ಬೇರೆ. ಕಣ್ಣಲ್ಲಿ ನೋಡಿದರೆ ಕೆಡುವ ವಸ್ತು ಯಾವುದಿದೆ, ಮೊದಲು ತೋರಿಸುತ್ತಿದ್ದ ಈಗ ಮುಚ್ಚಿಡುತ್ತಾನೆ, ಮಗಳ ಲ್ಯಾಬಿಗೆ ಮಾರಿಕೊಂಡಿರಬೇಕು ಎಂದು ಡೇರಿ ಮುಂದೆ ಮಾತಾಯಿತು. ಎಷ್ಟೋ ಮನೆಯವರು ಬೇರೆ ಊರಿನವನನ್ನು ಕರೆಸತೊಡಗಿದರು. ಅವನೂ ತೋರಿಸುತ್ತಿರಲಿಲ್ಲ, ಆದರೆ ಅವನು ಮೊದಲಿನಿಂದಲೂ ತೋರಿಸಿದವನಲ್ಲವಲ್ಲ.

ದೊಡ್ಡಮ್ಮನಿಗೆ ಮಾತ್ರ ಅಪ್ಪ ಹೇಳಿರಲಿಲ್ಲ. ನಾಲ್ಕು ಹೆಜ್ಜೆ ದೂರದ ಮನೆ, ಹೋಗಲು ಕಾಲು ಬರಲಿಲ್ಲವಂತೆ.

ಇಪ್ಪತ್ತೊಂದು ದಿನದ ಲೆಕ್ಕ ನನಗೆ ಗೊತ್ತಿತ್ತಲ್ಲ, ಒಂದು ದಿನ ರಜೆ ಹಾಕಿ ಮುಂಚಿನ ದಿನವೇ ಊರಿಗೆ ಹೋದೆ. ಬೆಳಗ್ಗೆ ಹಸು ಕೂಗಿತು. ಅಪ್ಪ ದೊಡ್ಡ ಕ್ಯಾನ್ ಹೊತ್ತು ಎದುರುಮನೆಗೆ ಹೋದರು, ಹಿಂದೆ ನಾನೂ ಹೋದೆ. ದೊಡ್ಡಮ್ಮ ಹಸುವಿನ ಹಣೆಗೆ ಕುಂಕುಮ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಎಂದಿನಂತೆ ಕ್ಯಾನಿನ ಹತ್ತಿರ ಬಂದು ನಿಂತರು.

"ಅಕ್ಕಯ್ಯ," ಎಂದರು ಅಪ್ಪ. "ನಿನ್ನ ಹಸು ಗೊಡ್ಡಲ್ಲ. ನಾಕ್ ಸಲಾನೂ ನಾನು ಸತ್ತಿದ್ದನ್ನೇ ಹಾಕಿದ್ದೀನಿ." ಉಳಿದದ್ದನ್ನೂ ಹೇಳಿದರು. ಕೊನೆಯ ನಲವತ್ತೇಳು ಇದೆ, ಆದರೆ ಅದನ್ನು ಹಾಕುವುದಿಲ್ಲ, ಬೇರೆ ಹೋರಿಯದು ಹಾಕುತ್ತೇನೆ, ಬೇಡ ಅಂದರೆ ವಾಪಸ್ ಹೋಗುತ್ತೇನೆ ಎಂದರು. ಹೇಳುವಷ್ಟು ಹೊತ್ತೂ ಮಾತಾಡಿದ್ದು ಹಸುವಿನ ಬೆನ್ನಿನ ಜೊತೆ.

ದೊಡ್ಡಮ್ಮ ಬಯ್ಯುತ್ತಾರೆಂದು ನಾನು ಕಾದೆ. ಅವರ ಬಾಯಿ ನಮ್ಮ ಬೀದಿಗೆಲ್ಲ ಗೊತ್ತಿದ್ದದ್ದೇ.

"ಎಲ್ಲರಿಗಿಂತ ಜಾಸ್ತಿ ಹೊತ್ತು ನೋಡಿದ್ದು ನಾನೇ ಅಲ್ವಾ?" ಎಂದು ಕೇಳಿದರು.

ನಿಜ ಅದೇ ಆಗಿತ್ತು. ನೋಡಿ, ಕೈಮುಗಿದು, ಕಣ್ಣಿಗೆ ಒತ್ತಿಕೊಂಡು, ಸತ್ತ ಹಸುವನ್ನು ನೆನೆದು ಒಂದಿಷ್ಟು ಮಾತಾಡಿದ ಮೇಲೇ ಅವರು ಪಕ್ಕಕ್ಕೆ ಸರಿಯುತ್ತಿದ್ದದ್ದು.

"ಯಾವ್ದೋ ಒಂದು ಹಾಕು. ತೋರಿಸ್ಬೇಡ," ಎಂದು ಹೇಳಿ ದೊಡ್ಡಮ್ಮ ಗೋಡೆಯ ಕಡೆ ತಿರುಗಿ ನಿಂತರು.

ಅಪ್ಪ ಡಬ್ಬಿಯನ್ನು ಕತ್ತಿನವರೆಗೆ ಎಳೆದು, ಕಡ್ಡಿ ತೆಗೆದು, ಒಳಗಿಳಿಸಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆರಕ್ಕೆ ಮುಗಿಯಿತು.

ಇಪ್ಪತ್ತೊಂದನೇ ದಿನ ಹಸು ಕೂಗಲಿಲ್ಲವೆಂದು ಅಮ್ಮ ಫೋನ್ ಮಾಡಿದಳು. ಕೂಗದಿದ್ದರೆ ಸಾಲದು, ಕೈ ಹಾಕಿ ನೋಡಬೇಕು, ಅದಕ್ಕೆ ಮೂರು ತಿಂಗಳಾದರೂ ಆಗಬೇಕೆಂದು ಅಪ್ಪ ಯಾರಿಗೂ ಖುಷಿ ಪಡಲು ಬಿಡಲಿಲ್ಲ. ದಲ್ಲಾಳಿ ಆ ನಡುವೆ ಎರಡು ಸಲ ಬಂದು ಹೋದನಂತೆ. ಮೂರು ತಿಂಗಳು ತುಂಬಿದ ಮೇಲಿನ ಭಾನುವಾರ ನಾನು ಮತ್ತೆ ಊರಲ್ಲಿದ್ದೆ, ಬೇರೆ ಏನೋ ನೆಪ ಹೇಳಿಕೊಂಡು.

ಅಪ್ಪ ಉದ್ದನೆಯ ಪ್ಲಾಸ್ಟಿಕ್ ಕೈಗವಸು ಏರಿಸಿಕೊಂಡು, ಸೋಪುನೀರು ಸವರಿ, ಮೊಣಕೈ ದಾಟುವವರೆಗೆ ಕೈ ಹಾಕಿದರು. ದೊಡ್ಡಮ್ಮ ಹಸುವಿನ ಬಾಲ ಹಿಡಿದು ನಿಂತಿದ್ದರು. ಸಾಮಾನ್ಯವಾಗಿ ಅಪ್ಪನಿಗೆ ಈ ಕೆಲಸಕ್ಕೆ ಅರ್ಧ ನಿಮಿಷ ಸಾಕು. ಅವತ್ತು ಕೈ ಒಳಗೇ ಇತ್ತು. ನಾನು ಮೂತಿಯ ಕಡೆ ನಿಂತು ಹಗ್ಗ ಹಿಡಿದಿದ್ದೆ, ಅಪ್ಪನ ಮುಖ ನನಗೆ ಕಾಣುತ್ತಿತ್ತು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, 'ನಿಂತಿದೆ' ಎಂಬ ಒಂದು ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ.

ದೊಡ್ಡಮ್ಮ ಅಪ್ಪನ ಮುಖ ನೋಡಿದರು. ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು.

"ಕೈ ತೆಗಿಯೋ ತಮ್ಮುಡೂ," ಎಂದರು. "ಹಸುಗೆ ನೋವಾಗುತ್ತೆ."